ಕಾರಿನ ಮೈಲೇಜ್ ಹೆಚ್ಚಿಸಲು ಸಮಗ್ರ ಮಾರ್ಗದರ್ಶಿ: ಬ್ರೇಕ್‌ನಿಂದ ಶುರು ಮಾಡಿ

ಮೈಲೇಜ್ ಬರುತ್ತಿಲ್ಲ ಎಂದು ಗೊಣಗುವವರು ಸುಮ್ನೆ ಕೂತಿರುವುದಿಲ್ಲ. ಎಸಿ ಆಫ್ ಮಾಡಿ ಬೆವರು ಸುರಿಸಿಕೊಂಡು ಓಡಿಸಿರುತ್ತಾರೆ. ಇಳಿಜಾರು ಕಂಡಲ್ಲೆಲ್ಲ ನ್ಯೂಟ್ರಲ್‌ಗೆ ಹಾಕಿರುತ್ತಾರೆ. ಯಾರೋ ಹೇಳಿದರೆಂದು ಟ್ಯಾಂಕಿಗೆ ಒಂದು ಆಡಿಟಿವ್ ಬಾಟಲಿ ಸುರಿದಿರುತ್ತಾರೆ. ಇಷ್ಟಾದರೂ ಮೈಲೇಜ್ ಇದ್ದಲ್ಲೇ ಇರುತ್ತದೆ. ಪೆಟ್ರೋಲ್ ಎಲ್ಲಿ ಸೋರಿ ಹೋಗುತ್ತಿದೆ ಎಂದು ನೋಡದೆ, ಸುಲಭವಾಗಿ ಕಂಡದ್ದನ್ನೆಲ್ಲ ಮಾಡಿದರೆ ಹೀಗೇ ಆಗುವುದು.

ಊರೊಳಗಿನ ಓಡಾಟದಲ್ಲಿ ಅದು ಜಾಸ್ತಿ ಹಾಳಾಗುವುದು ಬ್ರೇಕ್‌ನಲ್ಲಿ. ಬ್ರೇಕ್ ಪೆಟ್ರೋಲ್ ಕುಡಿಯುವುದಿಲ್ಲ ನಿಜ. ಆದರೆ ಪೆಟ್ರೋಲ್ ಸುಟ್ಟು ಗಳಿಸಿದ ವೇಗವನ್ನು ಅದು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಇಬ್ಬರು ಕೂತ ಸಣ್ಣ ಹ್ಯಾಚ್‌ಬ್ಯಾಕ್ ಸುಮಾರು 1,000 ಕೆಜಿ ಇರುತ್ತದೆ ಅಂದುಕೊಳ್ಳಿ. ಅದನ್ನು ನಿಂತಲ್ಲಿಂದ ಗಂಟೆಗೆ 60 ಕಿಮೀ ವೇಗಕ್ಕೆ ತರಲು ಹತ್ತಿರ ಹತ್ತಿರ 15ರಿಂದ 20 ಮಿಲಿ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ, 60ರಲ್ಲಿ ಬಂದು ಗಕ್ಕನೆ ನಿಲ್ಲಿಸಿದ ಪ್ರತಿ ಸಲ ಒಂದೂವರೆಯಿಂದ ಎರಡು ರೂಪಾಯಿ ಹೋಯಿತು. ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಸಲ ಹಾಗೆ ನಿಲ್ಲಿಸುತ್ತೀರಿ, ಎಣಿಸಿ ನೋಡಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಳತೆ ಮಾಡದೆ ಓಡಿಸುವ ರೀತಿ ಬದಲಿಸಿದರೆ ಫಲ ಸಿಕ್ಕಿತೋ ಇಲ್ಲವೋ ಗೊತ್ತಾಗುವುದಿಲ್ಲ. ಟೈರ್ ಸರಿ ಮಾಡದೆ ಕಾಲನ್ನು ಪಳಗಿಸಿದರೆ ಅರ್ಧ ಶ್ರಮ ನೀರುಪಾಲು. ಇಲ್ಲಿ ಹೇಳಿರುವುದು ಮುಖ್ಯವಾಗಿ ಪೆಟ್ರೋಲ್ ಮ್ಯಾನುಯಲ್ ಕಾರಿಗೆ. ಡೀಸೆಲ್ ಮತ್ತು ಆಟೋಮ್ಯಾಟಿಕ್ ಎಲ್ಲಿ ಬೇರೆಯೋ ಅಲ್ಲಿ ಹೇಳಿದ್ದೇನೆ.

## ಮೊದಲು ಇವು ಕೈಯಲ್ಲಿರಲಿ

- ಟೈರ್ ಪ್ರೆಶರ್ ನೋಡುವ ಸಣ್ಣ ಗೇಜ್.
- ಕಾರಿನ ಜೊತೆ ಬಂದ ಓನರ್ಸ್ ಮ್ಯಾನುಯಲ್. ಡ್ಯಾಶ್‌ಬೋರ್ಡ್ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಇರುತ್ತದೆ, ಹುಡುಕಿ.
- ಬರೆದಿಡಲು ಪುಸ್ತಕ ಅಥವಾ ಫೋನ್.
- ತೆಳು ಅಟ್ಟೆಯ ಚಪ್ಪಲಿ ಅಥವಾ ಶೂ. ದಪ್ಪ ಅಟ್ಟೆಯಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ಕಾಲಿಗೆ ಗೊತ್ತಾಗುವುದಿಲ್ಲ. ಹವಾಯಿ ಚಪ್ಪಲಿ ಬೇಡ, ಪೆಡಲ್ ಕೆಳಗೆ ಸಿಕ್ಕಿಕೊಳ್ಳುತ್ತದೆ.

## ಹಂತ 1: ಈಗಿನ ಮೈಲೇಜ್ ಎಷ್ಟೆಂದು ಸರಿಯಾಗಿ ಅಳೆಯಿರಿ

ಡ್ಯಾಶ್‌ಬೋರ್ಡಿನ ಸ್ಕ್ರೀನ್ ತೋರಿಸುವ ಸರಾಸರಿಯನ್ನು ಪೂರ್ತಿ ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಅದು ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಐನೂರು ರೂಪಾಯಿ ಹಾಕಿಸಿ ಮುಳ್ಳು ಎಷ್ಟು ಇಳಿಯಿತು ಎಂದು ನೋಡುವುದಂತೂ ಅಳತೆಯೇ ಅಲ್ಲ.

1. ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿ. ನಳಿಕೆ ತಾನಾಗಿ ಮೊದಲ ಸಲ ಟಕ್ ಎಂದು ನಿಂತ ಕೂಡಲೇ ಸಾಕು ಎನ್ನಿ.
2. ಟ್ರಿಪ್ ಮೀಟರನ್ನು ಸೊನ್ನೆ ಮಾಡಿ.
3. ಟ್ಯಾಂಕ್ ಕಾಲು ಭಾಗಕ್ಕೆ ಬರುವವರೆಗೆ ಎಂದಿನಂತೆ ಓಡಿಸಿ.
4. ಅದೇ ಬಂಕಿಗೆ, ಸಾಧ್ಯವಾದರೆ ಅದೇ ಪಂಪಿಗೆ ಹೋಗಿ. ಮತ್ತೆ ಮೊದಲ ಟಕ್‌ವರೆಗೆ ಹಾಕಿಸಿ.
5. ಓಡಿದ ಕಿಲೋಮೀಟರನ್ನು ಈಗ ಹಾಕಿದ ಲೀಟರಿನಿಂದ ಭಾಗಿಸಿ. ಉದಾಹರಣೆಗೆ 412 ಕಿಮೀ ಓಡಿ 29.6 ಲೀಟರ್ ಹಿಡಿಸಿದರೆ ಮೈಲೇಜ್ 13.9.

ಒಂದು ಟ್ಯಾಂಕಿನ ಲೆಕ್ಕ ನಂಬಿ ತೀರ್ಮಾನಕ್ಕೆ ಬರಬೇಡಿ. ಎರಡು ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಟಕ್ ಎಂದು ನಿಂತ ಮೇಲೂ ರೌಂಡ್ ಫಿಗರ್ ಮಾಡಲು ಇನ್ನಷ್ಟು ತುಂಬಿಸುವುದು. ಲೆಕ್ಕ ಹಾಳಾಗುವುದು ಒಂದು ಕಡೆ. ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯೊಂದು ಈಗಿನ ಕಾರುಗಳಲ್ಲಿ ಇರುತ್ತದೆ. ಕತ್ತಿನವರೆಗೆ ತುಂಬಿಸಿದರೆ ಅದಕ್ಕೆ ಪೆಟ್ರೋಲ್ ನುಗ್ಗಿ ಕೆಡುತ್ತದೆ.

ಎಷ್ಟು ಬಂದರೆ ಸರಿ ಎನ್ನುವ ಪ್ರಶ್ನೆಯನ್ನೂ ಈಗಲೇ ಮುಗಿಸೋಣ. ಜಾಹೀರಾತಿನಲ್ಲಿ ಬರುವ ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಅಂಕಿ ರಸ್ತೆಯದ್ದಲ್ಲ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತಾದ ವೇಗದಲ್ಲಿ ಗೊತ್ತಾದ ಹೊತ್ತು ಓಡಿಸಿ ತೆಗೆದದ್ದು. ಅಲ್ಲಿ ಹಂಪ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಆಟೋ ಇಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದರ ಮುಕ್ಕಾಲು ಬಂದರೂ ನೀವು ಚೆನ್ನಾಗಿಯೇ ಓಡಿಸುತ್ತಿದ್ದೀರಿ ಎನ್ನುವುದು ನನ್ನ ಅಭಿಪ್ರಾಯ.

ಪೆಟ್ರೋಲ್ ಕೂಡ ಮೊದಲಿನದ್ದಲ್ಲ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್ ಬೆರೆತದ್ದು. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹಳೆಯ ಕಾರಾದರೆ ಐದಾರು ವರ್ಷದ ಹಿಂದಿನ ಮೈಲೇಜಿಗೆ ಹೋಲಿಸಿ ಕೊರಗಬೇಡಿ. ಹಂತ 1ರಲ್ಲಿ ಬಂದ ಅಂಕಿಗೆ ಮಾತ್ರ ಹೋಲಿಸಿ.

## ಹಂತ 2: ಟೈರ್ ಗಾಳಿ ಸರಿ ಮಾಡಿ

ಬಂಕಿನಲ್ಲಿ ಗಾಳಿ ಹೊಡೆಯುವ ಹುಡುಗ "ಎಷ್ಟು ಹಾಕ್ಲಿ ಸಾರ್?" ಎಂದು ಕೇಳುತ್ತಾನೆ. ನಾವು ಬಾಯಿಗೆ ಬಂದಂತೆ ಮೂವತ್ತು ಎನ್ನುತ್ತೇವೆ. ಸರಿಯಾದ ಅಂಕಿ ನಿಮ್ಮ ಕಾರಿನಲ್ಲೇ ಅಂಟಿಸಿದೆ. ಡ್ರೈವರ್ ಬಾಗಿಲು ತೆಗೆದು ಕಂಬದ ಕೆಳಭಾಗ ನೋಡಿ. ಸ್ಟಿಕರಿನಲ್ಲಿ ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಪೂರ್ತಿ ಜನ ಮತ್ತು ಲಗೇಜ್ ಇದ್ದಾಗ ಎಷ್ಟು ಎಂದು ಬರೆದಿರುತ್ತದೆ. ಅದರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಟೈರಿನ ಪಕ್ಕದಲ್ಲೇ ಅಚ್ಚಾಗಿರುವ ಅಂಕಿ ಅದು ತಡೆಯುವ ಗರಿಷ್ಠ ಪ್ರೆಶರ್. ಅಷ್ಟು ಹಾಕಿಸಬಾರದು.

ಗಾಳಿ ನೋಡಬೇಕಾದದ್ದು ಟೈರ್ ತಣ್ಣಗಿರುವಾಗ. ಬೆಳಿಗ್ಗೆ ಮನೆಯಿಂದ ಹೊರಟು ಒಂದೆರಡು ಕಿಲೋಮೀಟರಿನೊಳಗೆ ಬಂಕ್ ಇದ್ದರೆ ಒಳ್ಳೆಯದು. ಹೈವೇಯಲ್ಲಿ ಎರಡು ಗಂಟೆ ಓಡಿಸಿ ನಿಲ್ಲಿಸಿದಾಗ ಪ್ರೆಶರ್ ಏರಿರುತ್ತದೆ. ಆಗ ಗಾಳಿ ಬಿಟ್ಟು ಕಡಿಮೆ ಮಾಡಿದರೆ ಮರುದಿನ ಬೆಳಿಗ್ಗೆ ಟೈರ್ ಕುಗ್ಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು.

ಮೈಲೇಜ್ ಬರಲೆಂದು ಐದಾರು ಪಿಎಸ್‌ಐ (ಗಾಳಿಯ ಪ್ರೆಶರ್ ಅಳೆಯುವ ಮಾನ) ಜಾಸ್ತಿ ಹಾಕಿಸುವವರಿದ್ದಾರೆ. ಟೈರಿನ ನಡುಭಾಗ ಬೇಗ ಸವೆಯುತ್ತದೆ. ಮಳೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. ಉಳಿಯುವ ಪೆಟ್ರೋಲ್ ಒಂದು ಹೊಸ ಟೈರಿನ ದುಡ್ಡಿಗೆ ಸಮ ಬರುವುದಿಲ್ಲ.

ಅದೇ ಹೊತ್ತಿನಲ್ಲಿ ಇನ್ನೆರಡು ಪರೀಕ್ಷೆ ಮಾಡಿ. ಸಮತಟ್ಟಾದ ಖಾಲಿ ಜಾಗದಲ್ಲಿ ನ್ಯೂಟ್ರಲ್ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಬ್ಬರು ಹಿಂದಿನಿಂದ ತಳ್ಳಲಿ. ಸಣ್ಣ ಕಾರು ಸರಾಗವಾಗಿ ಉರುಳಬೇಕು. ಸ್ಟೇರಿಂಗ್ ಹತ್ತಿರ ಒಬ್ಬರು ಕೂತಿರಲಿ, ಇಳಿಜಾರಿನಲ್ಲಿ ಈ ಸಾಹಸ ಬೇಡ. ಎರಡನೆಯದು, ಒಂದಷ್ಟು ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾವಲಿಯಂತೆ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಅದನ್ನು ಬಿಡಿಸದೆ ಮುಂದಿನ ಹಂತಕ್ಕೆ ಹೋಗಬೇಡಿ.

ಡಿಕ್ಕಿಯನ್ನೂ ಖಾಲಿ ಮಾಡಿ. ಊರಿಂದ ತಂದ ತೆಂಗಿನಕಾಯಿ ಮೂಟೆ ಇನ್ನೂ ಅಲ್ಲೇ ಇದೆ, ಅಲ್ವಾ? ತೂಕಕ್ಕಿಂತ ದೊಡ್ಡ ಹೊಡೆತ ಕೊಡುವುದು ತಲೆಯ ಮೇಲಿನ ಕ್ಯಾರಿಯರ್. ಖಾಲಿ ಇದ್ದರೂ ಅದು ಗಾಳಿಯನ್ನು ತಡೆಯುತ್ತದೆ. ಬೇಡವಾದಾಗ ಬಿಚ್ಚಿಡಿ.

## ಹಂತ 3: ಬ್ರೇಕ್ ತುಳಿಯುವ ಸಂದರ್ಭಗಳನ್ನೇ ಕಡಿಮೆ ಮಾಡಿ

ಎಲ್ಲಕ್ಕಿಂತ ದೊಡ್ಡ ಹಂತ ಇದು. ಬೇರೆ ಯಾವುದನ್ನೂ ಮಾಡದೆ ಇದೊಂದನ್ನೇ ಕಲಿತರೂ ಊರೊಳಗಿನ ಮೈಲೇಜಿನಲ್ಲಿ ವ್ಯತ್ಯಾಸ ಕಾಣುತ್ತದೆ.

ದೂರ ನೋಡಿ. ನಮ್ಮಲ್ಲಿ ಬಹಳ ಮಂದಿ ಮುಂದಿನ ಕಾರಿನ ಬ್ರೇಕ್ ಲೈಟನ್ನೇ ನೋಡಿಕೊಂಡು ಓಡಿಸುತ್ತಾರೆ. ಅದು ಉರಿದಾಗ ಇವರೂ ತುಳಿಯುತ್ತಾರೆ. ಅದರಾಚೆಯ ಮೂರನೇ, ನಾಲ್ಕನೇ ಗಾಡಿಯನ್ನು ನೋಡಿ. ಬಸ್ ಸ್ಟಾಪಿನಲ್ಲಿ ಜನ ಎದ್ದು ನಿಂತರೆ ನಿಮ್ಮ ಮುಂದಿರುವ ಬಿಎಂಟಿಸಿ ಬಸ್ಸು ನಿಲ್ಲುತ್ತದೆ ಎಂದೇ ಅರ್ಥ. ಆಟೋದವರು ಎಡಕ್ಕೆ ಇಣುಕುತ್ತಿದ್ದರೆ ಗಿರಾಕಿ ಕಂಡಿದ್ದಾರೆ.

ಕಾಲು ಮೊದಲೇ ತೆಗೆಯಿರಿ. 60ರಲ್ಲಿ ಹೋಗುವಾಗ ಮುಂದೆ ಸಿಗ್ನಲ್ ಕೆಂಪಿದೆ ಎಂದು ಕಂಡರೆ, 150ರಿಂದ 200 ಮೀಟರ್ ಮೊದಲೇ ಆಕ್ಸಿಲರೇಟರಿನಿಂದ ಕಾಲು ಎತ್ತಿ. ನಾಲ್ಕೈದು ಬೀದಿದೀಪದ ಕಂಬಗಳಷ್ಟು ದೂರ ಅದು. ಗೇರ್ ಹಾಗೇ ಇರಲಿ. ಸಿಗ್ನಲ್ ಹತ್ತಿರ ಬರುವಷ್ಟರಲ್ಲಿ ವೇಗ ಮೂವತ್ತರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟರಲ್ಲಿ ಹಸಿರು ಬಿದ್ದರೆ ಎರಡನೇ ಅಥವಾ ಮೂರನೇ ಗೇರಿನಲ್ಲಿ ಸಾಗುತ್ತೀರಿ. ಪಕ್ಕದಲ್ಲಿ ಭರ್ರನೆ ಹೋಗಿ ನಿಂತವರು ಆಗ ಫಸ್ಟ್ ಗೇರ್ ಹಾಕುತ್ತಿರುತ್ತಾರೆ. ಸಿಗ್ನಲಿನಲ್ಲಿ ಸೆಕೆಂಡ್ ತೋರಿಸುವ ಟೈಮರ್ ಇದ್ದರೆ ಕೆಲಸ ಇನ್ನೂ ಸುಲಭ. 45 ಸೆಕೆಂಡ್ ಬಾಕಿ ಇರುವ ಕೆಂಪು ದೀಪದ ಕಡೆಗೆ ವೇಗವಾಗಿ ಹೋಗಿ ಏನು ಸಿಗುತ್ತದೆ?

ಕ್ಲಚ್ ಕೊನೆಗೆ. ಹೆಚ್ಚಿನವರು ಎಡವುವುದು ಇಲ್ಲೇ. ವೇಗ ಇಳಿಸಬೇಕು ಎಂದ ಕೂಡಲೇ ಎಡಗಾಲು ಕ್ಲಚ್ ಮೇಲೆ ಹೋಗುತ್ತದೆ. ಡ್ರೈವಿಂಗ್ ಸ್ಕೂಲಿನಲ್ಲಿ ಗಾಡಿ ಆಫ್ ಆಗದಿರಲಿ ಎಂದು ಕಲಿಸಿದ ಅಭ್ಯಾಸ ಅದು. ಫ್ಯೂಯಲ್ ಇಂಜೆಕ್ಷನ್ ಇರುವ ಎಂಜಿನ್‌ನಲ್ಲಿ, ಗೇರ್ ಹಾಕಿದ್ದು ಆಕ್ಸಿಲರೇಟರ್ ಬಿಟ್ಟಿದ್ದರೆ, ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಕ್ಲಚ್ ತುಳಿದ ಕ್ಷಣ ಆ ಸಂಪರ್ಕ ಕಡಿದು, ಎಂಜಿನ್ ಉಸಿರಾಡಲು ಮತ್ತೆ ಪೆಟ್ರೋಲ್ ಬೇಕಾಗುತ್ತದೆ.

ಸರಿಯಾದ ಕ್ರಮ ಹೀಗೆ:

1. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಗೇರ್ ಮುಟ್ಟಬೇಡಿ.
2. ಬೇಕಾದರೆ ಬ್ರೇಕ್ ಮೇಲೆ ಮೆತ್ತಗೆ ಕಾಲಿಡಿ. ಹಿಂದಿನವರಿಗೆ ಬ್ರೇಕ್ ಲೈಟ್ ಕಾಣಲಿ.
3. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎನ್ನುವ ಲೆಕ್ಕ) ಮುಳ್ಳು 1,000ದ ಹತ್ತಿರ ಬಂದಾಗ, ಎಂಜಿನ್ ನಡುಗುವ ಮೊದಲು, ಕ್ಲಚ್ ತುಳಿಯಿರಿ.
4. ನಿಲ್ಲಬೇಕಾದರೆ ನ್ಯೂಟ್ರಲ್, ಸಾಗಬೇಕಾದರೆ ಆ ವೇಗಕ್ಕೆ ತಕ್ಕ ಗೇರ್.

ತುರ್ತಾಗಿ ನಿಲ್ಲಿಸಬೇಕಾದಾಗ ಈ ಕ್ರಮವನ್ನೆಲ್ಲ ಮರೆತುಬಿಡಿ. ಬ್ರೇಕನ್ನೂ ಕ್ಲಚ್ಚನ್ನೂ ಗಟ್ಟಿಯಾಗಿ ತುಳಿಯಿರಿ.

ಕ್ಷಣಕ್ಷಣದ ಮೈಲೇಜ್ ತೋರಿಸುವ ಸ್ಕ್ರೀನ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. ಗೇರಿನಲ್ಲಿದ್ದು ಕಾಲು ಎತ್ತಿದಾಗ ಪಟ್ಟಿ ಕೊನೆಯವರೆಗೆ ಓಡುತ್ತದೆ. ಕ್ಲಚ್ ತುಳಿದ ಕೂಡಲೇ ಹಿಂದಕ್ಕೆ ಬರುತ್ತದೆ. ನೋಡುವುದಾದರೆ ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಕೂತವರು ನೋಡಿ ಹೇಳಲಿ.

ಗ್ಯಾಪ್ ಬಿಡಿ. ಮುಂದಿನ ಗಾಡಿ ಒಂದು ಕಂಬ ದಾಟಿ ಎರಡು ಮೂರು ಸೆಕೆಂಡಾದ ಮೇಲೆ ನೀವು ಆ ಕಂಬ ದಾಟಬೇಕು. "ಅಷ್ಟು ಗ್ಯಾಪ್ ಬಿಟ್ಟರೆ ಆಟೋ ನುಗ್ಗುತ್ತದೆ" ಎನ್ನುತ್ತೀರಿ. ನುಗ್ಗಲಿ ಬಿಡಿ. ಅವನು ನುಗ್ಗಿದರೆ ನೀವು ಒಂದು ಸಲ ಕಾಲು ಎತ್ತುತ್ತೀರಿ. ನುಗ್ಗಬಾರದೆಂದು ಅಂಟಿಕೊಂಡು ಹೋದರೆ ಹತ್ತು ಸಲ ಬ್ರೇಕ್ ತುಳಿಯುತ್ತೀರಿ.

ತೆವಳುವ ಟ್ರಾಫಿಕ್‌ನಲ್ಲಿ. ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದಲ್ಲಿ ಸಂಜೆ ಆರೂವರೆಗೆ ಮುಂದಿನ ಗಾಡಿ ಒಂದು ಅಡಿ ಸರಿದರೆ ನೀವೂ ಒಂದು ಅಡಿ ಸರಿಯಬೇಕಿಲ್ಲ. ಒಂದೂವರೆ ಕಾರಿನಷ್ಟು ಜಾಗ ಆಗಲಿ. ಆಮೇಲೆ ಫಸ್ಟ್ ಗೇರ್ ಹಾಕಿ ಕ್ಲಚ್ ಪೂರ್ತಿ ಬಿಡಿ. ಆಕ್ಸಿಲರೇಟರ್ ಮುಟ್ಟದೆಯೂ ಕಾರು ನಡಿಗೆಯ ವೇಗದಲ್ಲಿ ತಾನಾಗಿ ಸಾಗುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅದು ಬೆಂಗಳೂರಿನ ವಾಡಿಕೆ.

ಹಳ್ಳಿ ರಸ್ತೆಯ ಹಂಪ್. ಶಾಲೆಯ ಬೋರ್ಡು, ಮರಗಳ ಮಧ್ಯೆ ಮನೆಗಳು, ಅಂಗಡಿ ಮುಂದೆ ನಿಂತ ಬೈಕು ಕಂಡರೆ ಹಂಪ್ ಇದ್ದೇ ಇರುತ್ತದೆ. ಬಿಳಿ ಬಣ್ಣ ಬಳಿದಿರುತ್ತಾರೆ ಎಂದು ಕಾಯಬೇಡಿ. ಅಲ್ಲೇ ಕಾಲು ಎತ್ತಿ. ವೇಗ ತಾನಾಗಿ ಇಳಿದು ಬಂದರೆ ಸೆಕೆಂಡ್ ಗೇರಿನಲ್ಲೇ ಮೆಲ್ಲಗೆ ದಾಟಬಹುದು. ಹಂಪ್ ಮುಂದೆ ಪೂರ್ತಿ ನಿಲ್ಲಿಸಿ ಫಸ್ಟಿಗೆ ಹಾಕಬೇಕಾದ ಪ್ರತಿ ಸಲ ನಷ್ಟ ನಿಮಗೇ.

ಈ ಹಂತ ಸರಿಯಾಗಿ ಬರುತ್ತಿದೆಯೇ ಎನ್ನಲು ಒಂದು ಗುರುತಿದೆ. ಹಿಂದಿನ ಸೀಟಿನಲ್ಲಿ ಕೂತ ಅಮ್ಮನೋ ಅತ್ತೆಯೋ ಮುಂದಿನ ಸೀಟು ಹಿಡಿದುಕೊಳ್ಳುವುದನ್ನು ನಿಲ್ಲಿಸುತ್ತಾರೆ.

## ಹಂತ 4: ಗೇರ್ ಬೇಗ ಏರಿಸಿ, ಆದರೆ ಎಂಜಿನ್ ಒದ್ದಾಡಬಾರದು

ಫಸ್ಟ್ ಗೇರ್ ಇರುವುದು ಕಾರನ್ನು ಕದಲಿಸಲು ಮಾತ್ರ. ಒಂದೆರಡು ಕಾರಿನುದ್ದ ಸಾಗಿದ ಕೂಡಲೇ ಸೆಕೆಂಡ್ ಹಾಕಿ. ಆಮೇಲೆ ಸಮತಟ್ಟಾದ ರಸ್ತೆಯಲ್ಲಿ ಪೆಟ್ರೋಲ್ ಕಾರಾದರೆ 2,000ದಿಂದ 2,500 ಆರ್‌ಪಿಎಂ ಒಳಗೆ, ಡೀಸೆಲ್ ಆದರೆ 1,800ರಿಂದ 2,000ದ ಆಸುಪಾಸಿನಲ್ಲಿ ಮೇಲಿನ ಗೇರಿಗೆ ಹೋಗಿ. ಸ್ಪೀಡೋಮೀಟರ್ ಪಕ್ಕದಲ್ಲಿ ಮೇಲ್ಮುಖದ ಸಣ್ಣ ಬಾಣ ಮೂಡುವ ಕಾರಾದರೆ ಅದನ್ನು ಅನುಸರಿಸಿದರೆ ಸಾಕು.

ಆಕ್ಸಿಲರೇಟರ್ ವಿಷಯದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಗುದ್ದಿದಂತೆ ತುಳಿಯುವುದು. ಇದು ಎಲ್ಲರಿಗೂ ಗೊತ್ತು. ಎರಡನೆಯದು ಅತಿ ಜಾಗ್ರತೆಯವರದ್ದು. ಮೊಟ್ಟೆ ಮೇಲೆ ಕಾಲಿಟ್ಟಂತೆ ಒತ್ತಿ, ಸೆಕೆಂಡ್ ಗೇರಿನಲ್ಲೇ ಅರ್ಧ ಕಿಲೋಮೀಟರ್ ಎಳೆಯುವುದು. ಇದರಿಂದಲೂ ಪೆಟ್ರೋಲ್ ಹಾಳು. ಪೆಡಲನ್ನು ಮೂರನೇ ಒಂದು ಭಾಗದಷ್ಟು ಒತ್ತಿ, ಬೇಗ ಬೇಗ ಗೇರ್ ಏರಿಸಿ, ಬೇಕಾದ ವೇಗ ಬಂದ ಮೇಲೆ ಕಾಲು ಸಡಿಲಿಸಿ. ಅಲ್ಲಿಂದ ಮುಂದೆ ಕಾಲು ಆದಷ್ಟು ಅಲುಗದಿರಲಿ.

ಗೇರ್ ತೀರಾ ಮೇಲಾಗಿದೆ ಎನ್ನಲು ಸೂಚನೆಗಳು: ಗೇರ್ ಲಿವರ್ ಮತ್ತು ಸ್ಟೇರಿಂಗ್ ನಡುಗುತ್ತದೆ, ಕಾಲು ಒತ್ತಿದರೂ ಕಾರು ಎಳೆಯುವುದಿಲ್ಲ, ಎಂಜಿನ್ನಿನಿಂದ ಟಕಟಕ ಸದ್ದು ಬರುತ್ತದೆ. ಕೂಡಲೇ ಒಂದು ಗೇರ್ ಇಳಿಸಿ. ಟರ್ಬೊ ಪೆಟ್ರೋಲ್ ಕಾರಿನವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತುವುದು ಅಂಥ ಎಂಜಿನ್ನಿಗೆ ನಿಜಕ್ಕೂ ಕೆಟ್ಟದ್ದು.

ಎಡಗಾಲನ್ನು ಕ್ಲಚ್ ಪೆಡಲ್ ಮೇಲೆ ಇಟ್ಟುಕೊಂಡೇ ಓಡಿಸಬೇಡಿ. ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ತಡೆದು ನಿಲ್ಲಿಸುವುದೂ ಬೇಡ, ಹ್ಯಾಂಡ್‌ಬ್ರೇಕ್ ಇರುವುದು ಅದಕ್ಕೇ. ಸುಟ್ಟ ವಾಸನೆ ಬಂತೆಂದರೆ ಪೆಟ್ರೋಲಿನ ಜೊತೆ ಕ್ಲಚ್ ಪ್ಲೇಟೂ ಹೋಗುತ್ತಿದೆ.

ಆಟೋಮ್ಯಾಟಿಕ್ ಇರುವವರಿಗೆ. ಎಎಂಟಿಯಲ್ಲಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಬಗೆ) ಬೇಕಾದ ವೇಗ ಹತ್ತಿರವಾದಾಗ ಕಾಲು ಸ್ವಲ್ಪ ಸಡಿಲಿಸಿ, ಅದು ಮೇಲಿನ ಗೇರಿಗೆ ಹೋಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸಬೇಡಿ. ಒಳಗೆ ಇರುವುದು ಮ್ಯಾನುಯಲ್ ಕಾರಿನ ಹಾಗೆಯೇ ಒಂದು ಕ್ಲಚ್. ಸಿವಿಟಿಯಲ್ಲಿ (ಬಿಡಿ ಬಿಡಿ ಗೇರ್ ಇಲ್ಲದ ಬಗೆ) ಪೆಡಲ್ ಜೋರಾಗಿ ಒತ್ತಿದರೆ ಸದ್ದು ಜಾಸ್ತಿ, ವೇಗ ನಿಧಾನ. ಮೆಲ್ಲಗೆ ಒತ್ತಿ ಕಾಯಿರಿ. ಸ್ಪೋರ್ಟ್ ಮೋಡ್ ಓವರ್‌ಟೇಕಿಗೆ ಮಾತ್ರ.

## ಹಂತ 5: ನಿಂತಾಗ ಉರಿಯುವುದನ್ನು ನಿಲ್ಲಿಸಿ

ಸಣ್ಣ ಪೆಟ್ರೋಲ್ ಎಂಜಿನ್ ಸುಮ್ನೆ ನಿಂತಿದ್ದರೂ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಎಸಿ ಹಾಕಿದ್ದರೆ ಇನ್ನೂ ಜಾಸ್ತಿ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ, ಆಫ್ ಮಾಡಿ ಸ್ಟಾರ್ಟ್ ಮಾಡುವುದರಲ್ಲೇ ಪೆಟ್ರೋಲ್ ಉಳಿತಾಯ. ಆದರೆ ಹತ್ತು ಸೆಕೆಂಡಿಗೆಲ್ಲ ಆಫ್ ಮಾಡಿದರೆ ಸ್ಟಾರ್ಟರಿಗೂ ಬ್ಯಾಟರಿಗೂ ಸುಮ್ನೆ ಕೆಲಸ. ಟೈಮರಿನಲ್ಲಿ ಮೂವತ್ತು ಸೆಕೆಂಡಿಗಿಂತ ಜಾಸ್ತಿ ಬಾಕಿ ಇದ್ದರೆ ಆಫ್ ಮಾಡಿ. ರೈಲ್ವೆ ಗೇಟಿನಲ್ಲಿ, ಶಾಲೆಯ ಮುಂದೆ ಮಕ್ಕಳಿಗೆ ಕಾಯುವಾಗ, ಹೋಟೆಲಿನ ಪಾರ್ಸಲ್‌ಗೆ ನಿಂತಾಗ ಯೋಚನೆಯೇ ಬೇಡ. ಬ್ಯಾಟರಿ ಹಳೆಯದಾಗಿ ಸ್ಟಾರ್ಟ್ ಆಗಲು ತಿಣುಕುತ್ತಿದ್ದರೆ ಸಿಗ್ನಲಿನಲ್ಲಿ ಈ ಪ್ರಯೋಗ ಬಿಡಿ. ಆಟೋ ಸ್ಟಾರ್ಟ್‌ಸ್ಟಾಪ್ ಇರುವ ಕಾರಾದರೆ ಅದಕ್ಕೇ ಬಿಟ್ಟುಬಿಡಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿ ಬಿಸಿ ಮಾಡುವುದು ಬೇಕಿಲ್ಲ. ಸೀಟ್ ಬೆಲ್ಟ್ ಹಾಕಿ ಕನ್ನಡಿ ಸರಿ ಮಾಡುವಷ್ಟು ಹೊತ್ತು ಸಾಕು. ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿ. ತಣ್ಣಗಿರುವ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹಾಗಾಗಿ ತರಕಾರಿಗೊಂದು ಸಲ, ಔಷಧಿಗೊಂದು ಸಲ, ಐರನ್ ಬಟ್ಟೆಗೊಂದು ಸಲ ಎಂದು ಎರಡೆರಡು ಕಿಲೋಮೀಟರ್ ಓಡಿಸುವವರಿಗೆ ಎಷ್ಟು ಚೆನ್ನಾಗಿ ಓಡಿಸಿದರೂ ಮೈಲೇಜ್ ಬರುವುದಿಲ್ಲ. ಕೆಲಸಗಳನ್ನು ಒಟ್ಟು ಸೇರಿಸಿ ಒಂದೇ ಸುತ್ತಿನಲ್ಲಿ ಮುಗಿಸಿ.

## ಹಂತ 6: ಹೈವೇಯಲ್ಲಿ ವೇಗ ಒಂದೇ ಸಮ ಇರಲಿ

ಹೈವೇಯಲ್ಲಿ ಶತ್ರು ಬೇರೆ. ಅಲ್ಲಿ ಎಂಜಿನ್ನಿನ ಹೆಚ್ಚಿನ ಕೆಲಸ ಗಾಳಿಯನ್ನು ಸೀಳುವುದು. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಹೆಚ್ಚುತ್ತದೆ, ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟು ದಾಟುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿಮೀ. ಅಲ್ಲಿ ಕಾರಿಗೆ ಗರಿಷ್ಠ 100 ಇದೆ. ಪೂರ್ತಿ 100ರಲ್ಲೇ ಹೋದರೆ 71 ನಿಮಿಷ, 80ರಲ್ಲಿ ಹೋದರೆ 89 ನಿಮಿಷ. ಮದ್ದೂರಿನಲ್ಲಿ ವಡೆ ತಿನ್ನಲು ನಿಂತರೆ ಆ ಹದಿನೆಂಟು ನಿಮಿಷದ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ನನ್ನ ಆಯ್ಕೆ 80ರಿಂದ 90, ಟಾಪ್ ಗೇರ್, ಎಡಗಡೆಯ ಲೇನ್. ಬಲಗಡೆಯ ಲೇನಿನಲ್ಲಿ 80ರಲ್ಲಿ ಹೋಗಿ ಹಿಂದಿನವರ ಶಾಪ ಹಾಕಿಸಿಕೊಳ್ಳಬೇಡಿ.

ಕ್ರೂಸ್ ಕಂಟ್ರೋಲ್ ಸಮತಟ್ಟಾದ ರಸ್ತೆಯಲ್ಲಿ ಒಳ್ಳೆಯದು. ಏರಿಳಿತ ಇದ್ದಲ್ಲಿ ಅದು ಏರಿನಲ್ಲಿ ವೇಗ ಬಿಡದಂತೆ ಜೋರಾಗಿ ಪೆಟ್ರೋಲ್ ಸುರಿಯುತ್ತದೆ. ಅಲ್ಲಿ ಆಫ್ ಮಾಡಿ. ಏರಿನಲ್ಲಿ ಐದು ಹತ್ತು ಕಿಮೀ ವೇಗ ಇಳಿಯಲು ಬಿಟ್ಟು, ಇಳಿಜಾರಿನಲ್ಲಿ ವಾಪಸ್ ಪಡೆಯಿರಿ.

ದೊಡ್ಡ ಲಾರಿಯ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಡೆ ಕಡಿಮೆಯಾಗುತ್ತದೆ ಎಂದು ಕೇಳಿರುತ್ತೀರಿ. ಮಾಡಲೇಬೇಡಿ. ಲಾರಿ ಬ್ರೇಕ್ ಹಾಕಿದರೆ ನಿಮಗೆ ಜಾಗವೂ ಇಲ್ಲ, ಸಮಯವೂ ಇಲ್ಲ.

ಎಸಿ ಬಗ್ಗೆ ಇಷ್ಟೇ. ಊರೊಳಗೆ ನಿಧಾನವಾಗಿ ಹೋಗುವಾಗ, ಧೂಳು ಹೊಗೆ ಇಲ್ಲದಿದ್ದರೆ, ಕಿಟಕಿ ತೆರೆಯಿರಿ. ಹೈವೇಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ. ಬಿಸಿಲಲ್ಲಿ ನಿಂತಿದ್ದ ಕಾರಾದರೆ ಮೊದಲು ಕಿಟಕಿ ತೆರೆದು ಬಿಸಿಗಾಳಿ ಹೊರಹಾಕಿ, ಆಮೇಲೆ ಎಸಿ. ಹದಿನೆಂಟಕ್ಕೆ ಇಟ್ಟು ನಡುಗುವ ಬದಲು ಇಪ್ಪತ್ತನಾಲ್ಕಕ್ಕೆ ಇಡಿ.

## ಹಂತ 7: ಘಾಟಿಯಲ್ಲಿ ನ್ಯೂಟ್ರಲ್ ಮುಟ್ಟಬೇಡಿ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ, ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ, ಈಗಲೂ ನ್ಯೂಟ್ರಲ್ ಹಾಕಿ ಇಳಿಯುವವರಿದ್ದಾರೆ. ಫ್ಯೂಯಲ್ ಇಂಜೆಕ್ಷನ್ ಬರುವ ಮುಂಚಿನ ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ಪೆಟ್ರೋಲ್ ಉಳಿಯುತ್ತಿತ್ತು. ಈಗ ಲೆಕ್ಕ ತಿರುಗಿದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯುತ್ತಲೇ ಇರುತ್ತದೆ, ಗೇರಿನಲ್ಲಿದ್ದು ಕಾಲು ಬಿಟ್ಟರೆ ಪೆಟ್ರೋಲ್ ನಿಲ್ಲುತ್ತದೆ. ಜೊತೆಗೆ ಕಾರನ್ನು ಹಿಡಿದಿಡುವ ಕೆಲಸದಲ್ಲಿ ಎಂಜಿನ್ ಪಾಲು ತೆಗೆದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಆ ಭಾರವೆಲ್ಲ ಬ್ರೇಕ್ ಮೇಲೆ. ಬ್ರೇಕ್ ಅತಿಯಾಗಿ ಕಾದರೆ, ತುಳಿದರೂ ಹಿಡಿಯುವುದಿಲ್ಲ.

ತೀರಾ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಕಾರು ಜಾಸ್ತಿ ದೂರ ಉರುಳುತ್ತದೆ, ನಿಜ. ಆದರೆ ತುರ್ತಿನಲ್ಲಿ ಎಳೆತ ಬೇಕಾದಾಗ ಗೇರ್ ಹುಡುಕುತ್ತಾ ಕೂರಬೇಕು. ಅಲ್ಲಿ ಟಾಪ್ ಗೇರಿನಲ್ಲಿ ಕಾಲು ಸ್ವಲ್ಪವೇ ಒತ್ತಿ ಸಾಗಿ.

1. ಇಳಿಯುವ ಮೊದಲೇ ಗೇರ್ ಆರಿಸಿ. ಆ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಘಾಟಿಯಲ್ಲಿ ಸಾಮಾನ್ಯವಾಗಿ ಸೆಕೆಂಡ್ ಅಥವಾ ಥರ್ಡ್.
2. ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಡಿ. ತಿರುವಿನ ಮೊದಲು ಗಟ್ಟಿಯಾಗಿ ತುಳಿದು ವೇಗ ಇಳಿಸಿ, ಬಿಡಿ.
3. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್ ಅಥವಾ ಎಲ್ (ಲೋ ಗೇರ್) ಗುರುತಿಗೆ ಹಾಕಿ.
4. ಏರುವಾಗ ಆರ್‌ಪಿಎಂ ಕಡಿಮೆ ಇಡಬೇಕೆಂಬ ಹಟ ಬೇಡ. ಕಾರು ಕೇಳಿದ ಗೇರ್ ಕೊಡಿ. ಘಾಟಿ ಏರುವಾಗ ಹೋದ ಪೆಟ್ರೋಲಿನಲ್ಲಿ ಸ್ವಲ್ಪವಾದರೂ ಇಳಿಯುವಾಗ ವಾಪಸ್ ಬರುತ್ತದೆ.
5. ಏರಿ ಬರುವ ಗಾಡಿಗೆ ದಾರಿ ಬಿಡಿ. ಅರ್ಧ ತಿರುವಿನಲ್ಲಿ ನಿಂತ ಕಾರನ್ನು ಮತ್ತೆ ಏರಿಸುವುದು ಎಷ್ಟು ಕಷ್ಟವೆಂದು ನಿಮಗೂ ಗೊತ್ತು.

ಇಳಿಯುವಾಗ ಸುಟ್ಟ ವಾಸನೆ ಬಂದರೆ, ಬ್ರೇಕ್ ಪೆಡಲ್ ಮೆತ್ತಗಾಗಿ ಜಾಸ್ತಿ ಒಳಗೆ ಹೋದರೆ, ಅಗಲವಾದ ಜಾಗ ನೋಡಿ ನಿಲ್ಲಿಸಿ. ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

ಇಳಿಜಾರಿನಲ್ಲಿ ಕೀ ತಿರುಗಿಸಿ ಎಂಜಿನ್ ಆಫ್ ಮಾಡುವುದು ಇನ್ನೂ ದೊಡ್ಡ ಅಪಾಯ. ಪವರ್ ಸ್ಟೇರಿಂಗ್ ಕಲ್ಲಿನಂತಾಗುತ್ತದೆ. ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ನೆರವು ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಕೀ ಪೂರ್ತಿ ತಿರುಗಿದರೆ ಸ್ಟೇರಿಂಗ್ ಲಾಕ್ ಆಗಲೂಬಹುದು.

## ದುಡ್ಡು ಹಾಕಬೇಡಿ

ಮೈಲೇಜ್ ಹೆಚ್ಚಿಸುವ ಮ್ಯಾಗ್ನೆಟ್, ಸಿಗರೇಟ್ ಲೈಟರಿಗೆ ಸಿಕ್ಕಿಸುವ ಚಿಪ್, ಟ್ಯಾಂಕಿಗೆ ಸುರಿಯುವ ಬಾಟಲಿ, ಯಾವುದೂ ಬೇಡ. ಸಾದಾ ಪೆಟ್ರೋಲಿಗೆ ಮಾಡಿದ ಎಂಜಿನ್ನಿಗೆ ದುಬಾರಿ ಹೈ ಆಕ್ಟೇನ್ ಹಾಕಿದರೆ ಹೋಗುವುದು ದುಡ್ಡು ಮಾತ್ರ. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಸಿಗುತ್ತದೆ ಎನ್ನುವುದಕ್ಕೂ ಅರ್ಥವಿಲ್ಲ. ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಚಂದಕ್ಕೆಂದು ಅಗಲವಾದ ಟೈರ್ ಹಾಕಿಸಿದ್ದರೆ ಮೈಲೇಜ್ ಇಳಿಯುವುದು ಸಹಜ.

ದುಡ್ಡು ಹಾಕುವುದಾದರೆ ಮ್ಯಾನುಯಲ್ ಹೇಳಿದ ಗ್ರೇಡಿನ ಎಂಜಿನ್ ಆಯಿಲ್‌ಗೆ ಹಾಕಿ. 0ಡಬ್ಲ್ಯೂ20 (ತೆಳು ಆಯಿಲಿನ ಒಂದು ಗ್ರೇಡ್) ಎಂದು ಬರೆದಿದ್ದರೆ ಅದೇ ಹಾಕಿಸಿ. "ದಪ್ಪ ಆಯಿಲ್ ಎಂಜಿನ್ನಿಗೆ ಒಳ್ಳೆಯದು" ಎನ್ನುವ ಗ್ಯಾರೇಜಿನ ಮಾತು ಕೇಳಿದರೆ ಮೈಲೇಜ್ ಇಳಿಯುತ್ತದೆ.

## ಗ್ಯಾರೇಜಿಗೆ ಹೋಗಬೇಕಾದ ಸೂಚನೆಗಳು

ಎರಡು ಮೂರು ಟ್ಯಾಂಕ್ ಹೀಗೆ ಓಡಿಸಿ, ಹಂತ 1ರಂತೆ ಮತ್ತೆ ಅಳೆಯಿರಿ. ತಿಂಗಳಿಗೆ 1,000 ಕಿಮೀ ಓಡುವ ಕಾರಿನ ಮೈಲೇಜ್ 13ರಿಂದ 15.5ಕ್ಕೆ ಬಂದರೆ 12 ಲೀಟರಿಗಿಂತ ಜಾಸ್ತಿ ಉಳಿಯುತ್ತದೆ. ಸ್ವಲ್ಪವೂ ಬದಲಾಗದಿದ್ದರೆ, ಅಥವಾ ಮೈಲೇಜ್ ದಿಢೀರನೆ ಇಳಿದಿದ್ದರೆ, ತಪ್ಪು ನಿಮ್ಮ ಕಾಲಿನದ್ದಲ್ಲ. ಇವುಗಳನ್ನು ನೋಡಿ:

- ಚೆಕ್ ಎಂಜಿನ್ ಲೈಟ್ ಉರಿಯುತ್ತಿದೆ. ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು. ಕಾರು ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದು ತಿಂಗಳುಗಟ್ಟಲೆ ಬಿಟ್ಟರೆ ಪೆಟ್ರೋಲ್ ಜೊತೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳು.
- ಸ್ಟೇರಿಂಗ್ ಸಡಿಲವಾಗಿ ಹಿಡಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರ್ ಒಂದು ಅಂಚಿನಲ್ಲಿ ಸವೆದಿದೆ. ವೀಲ್ ಅಲೈನ್‌ಮೆಂಟ್ ಮಾಡಿಸಿ.
- ಟೆಂಪರೇಚರ್ ಮುಳ್ಳು ಎಷ್ಟು ದೂರ ಓಡಿಸಿದರೂ ನಡುವಿಗೆ ಬರುವುದಿಲ್ಲ. ಎಂಜಿನ್ ತಣಿಸುವ ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ಎಂಜಿನ್ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ.
- ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಜಾರುತ್ತಿದೆ.
- ಸೈಲೆನ್ಸರಿನಿಂದ ಕಪ್ಪು ಹೊಗೆ, ನಿಂತಾಗ ಎಂಜಿನ್ ಏರಿಳಿಯುತ್ತದೆ. ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಏರ್ ಫಿಲ್ಟರ್ ನೋಡಲು ಹೇಳಿ.
- ನಿಲ್ಲಿಸಿದ ಕಾರಿನ ಸುತ್ತ ಪೆಟ್ರೋಲ್ ವಾಸನೆ. ಇದನ್ನು ನಾಳೆಗೆ ಇಡಬೇಡಿ. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಇವೆಲ್ಲ ಸರಿ ಇದ್ದು, ಒಂದೇ ಬಂಕಿನಲ್ಲಿ ಹಾಕಿಸಿದಾಗ ಮಾತ್ರ ಲೆಕ್ಕ ಕಡಿಮೆ ಬರುತ್ತಿದ್ದರೆ, ಆ ಬಂಕಿನವರನ್ನೇ ಕೇಳಿ. ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ ಐದು ಲೀಟರಿನ ಅಳತೆ ಪಾತ್ರೆ ಇರುತ್ತದೆ. ಅದರಲ್ಲಿ ಹಿಡಿದು ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.